ಲೈಬ್ರರಿ ಕಾರ್ಡ್ ಇದ್ದರೆ ನಿಮ್ಮೂರಿನ ಶಾಸನ ಹುಡುಕುವುದು ಹೇಗೆ?

ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಸೆಸ್ ಅಂತ ಒಂದು ಸಾಲು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಹೀಗೆ ವಸೂಲಾಗುತ್ತದೆ. ಲೈಬ್ರರಿ ಬಾಗಿಲು ತುಳಿಯದವರೂ ಇದನ್ನು ಕಟ್ಟುತ್ತಾರೆ. ಕಟ್ಟಿದ ಮೇಲೆ ಬಳಸಿಕೊಳ್ಳಬೇಕು ಅಲ್ವಾ?

ಆನ್‌ಲೈನ್ ಗ್ರಂಥಾಲಯಗಳ ಹೆಸರುಗಳ ಪಟ್ಟಿ ಎಲ್ಲಾದರೂ ಸಿಗುತ್ತದೆ. ಆದರೆ ಆ ಪಟ್ಟಿ ಇಟ್ಟುಕೊಂಡು ಸುಮ್ನೆ ಅಡ್ಡಾಡಿದರೆ ಅರ್ಧ ಗಂಟೆಯಲ್ಲಿ ಬೇಜಾರಾಗುತ್ತದೆ. ಕೈಯಲ್ಲಿ ಒಂದು ಪ್ರಶ್ನೆ ಇದ್ದರೆ ಮಾತ್ರ ಅವು ಬಾಯಿ ಬಿಡುತ್ತವೆ. ಇಲ್ಲಿ ನಾವು ಹಿಡಿಯುವ ಪ್ರಶ್ನೆ ಒಂದೇ: ನಮ್ಮ ಊರಿನ ದೇವಸ್ಥಾನದ ಮುಂದೆ ಅಥವಾ ಕೆರೆ ಏರಿಯ ಮೇಲೆ ನಿಂತಿರುವ ಕಲ್ಲಿನಲ್ಲಿ ಏನು ಬರೆದಿದೆ?

ಮೊದಲು ಸದಸ್ಯರಾಗಿ

ಹತ್ತಿರದ ಶಾಖಾ ಗ್ರಂಥಾಲಯಕ್ಕೆ ಗುರುತಿನ ಚೀಟಿ, ವಿಳಾಸದ ದಾಖಲೆ ತೆಗೆದುಕೊಂಡು ಹೋಗಿ. ಸಣ್ಣ ಠೇವಣಿ ಇಟ್ಟರೆ ಕಾರ್ಡ್ ಸಿಗುತ್ತದೆ. ಜೊತೆಗೆ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೂ ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿಕೊಳ್ಳಿ. 2020ರಲ್ಲಿ ಶುರುವಾದ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಶಾಲಾ ಪಾಠ, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳು ಇಲ್ಲಿ ಸಿಗುತ್ತವೆ. ಶಾಸನಕ್ಕೆ ಮಾತ್ರ ಇನ್ನೂ ಮುಂದೆ ಹೋಗಬೇಕು.

ನಿಮ್ಮ ಸಂಪುಟ ಯಾವುದು?

ಬ್ರಿಟಿಷ್ ವಿದ್ವಾಂಸ ಬಿ. ಎಲ್. ರೈಸ್ ಅವರು ಹಳೆ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನಲ್ಲಿ 12 ಸಂಪುಟಗಳಾಗಿ ತಂದರು. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾದ ಕೆಲಸ ಅದು. ಹೆಚ್ಚಿನ ಸಂಪುಟಗಳನ್ನು ಜಿಲ್ಲೆಯ ಪ್ರಕಾರ ಮಾಡಿದ್ದಾರೆ. ಆದರೆ ಅದು ಆ ಕಾಲದ ಜಿಲ್ಲೆ. ಹುಡುಕುವವರು ದಾರಿ ತಪ್ಪುವುದು ಜಾಸ್ತಿ ಇಲ್ಲೇ.

ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಹಾಗಾಗಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದವರು ಮೈಸೂರು ಜಿಲ್ಲೆಯ 3ನೇ ಸಂಪುಟ ನೋಡಬೇಕು. ನಾಗಮಂಗಲ, ಕೃಷ್ಣರಾಜಪೇಟೆ, ಚಾಮರಾಜನಗರ, ಗುಂಡ್ಲುಪೇಟೆಯವರಿಗೆ 4ನೇದು. ಹಾಸನಕ್ಕೆ 5. ಚಿಕ್ಕಮಗಳೂರು 6ನೇ ಸಂಪುಟದಲ್ಲಿದೆ, ಆದರೆ ಕಡೂರು ಜಿಲ್ಲೆ ಎಂಬ ಹೆಸರಿನಲ್ಲಿ. ಶಿವಮೊಗ್ಗಕ್ಕೆ 7 ಮತ್ತು 8. ಚನ್ನಪಟ್ಟಣ, ಮಾಗಡಿಯವರು ಬೆಂಗಳೂರಿನ 9ನೇ ಸಂಪುಟಕ್ಕೆ ಹೋಗಬೇಕು, ಚಿಕ್ಕಬಳ್ಳಾಪುರದವರು ಕೋಲಾರದ 10ನೇದಕ್ಕೆ. ಚಿತ್ರದುರ್ಗ 11, ತುಮಕೂರು 12.

ಧಾರವಾಡ, ವಿಜಯಪುರ ಕಡೆಯವರು ಇದರಲ್ಲಿ ಹುಡುಕಿ ನಿರಾಶರಾಗಬೇಡಿ. ನಿಮ್ಮವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳಲ್ಲಿವೆ. ಬಳ್ಳಾರಿಯವರು ಅದೇ ಮಾಲೆಯ 9ನೇದನ್ನು ನೋಡಿ. ಕೊಪ್ಪಳದ ಶಾಸನಗಳು ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್‌ನಲ್ಲಿ ಬಂದಿವೆ.

ಪುಸ್ತಕ ಇಳಿಸಿಕೊಳ್ಳಿ

ಈ ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಕರ್ನಾಟಿಕಾ ಎಂಬುದನ್ನು ಕೆ ಅಕ್ಷರದಿಂದ ಅಲ್ಲ, ಸಿ ಅಕ್ಷರದಿಂದ ಶುರು ಮಾಡಿ. ಬೇರೆ ಕನ್ನಡ ಪುಸ್ತಕಗಳನ್ನು ಹುಡುಕುವಾಗಲೂ ಇಂಗ್ಲಿಷ್ ಕಾಗುಣಿತವನ್ನು ಬದಲಾಯಿಸುತ್ತಾ ಹೋಗಿ. ಏರಿಸಿದವರು ತಮಗೆ ತೋಚಿದ ಹಾಗೆ ಹೆಸರು ಬರೆದಿರುತ್ತಾರೆ. ಶಾಸನ ಎಂಬ ಒಂದು ಪದವೇ ಮೂರ್ನಾಲ್ಕು ರೂಪದಲ್ಲಿ ಸಿಗುತ್ತದೆ.

ಭಾರತ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲೂ ಒಮ್ಮೆ ಹುಡುಕಿ. ಐಐಟಿ ಖರಗ್‌ಪುರ ಕಟ್ಟಿದ ಇದು ಮುಖ್ಯವಾಗಿ ದಾರಿ ತೋರಿಸುವ ಗ್ರಂಥಾಲಯ. ಪುಸ್ತಕ ಎಲ್ಲಿದೆಯೋ ಅಲ್ಲಿಗೆ ಕಳಿಸುತ್ತದೆ. ಭಾಷೆ ಕನ್ನಡ ಎಂದು ಆರಿಸಿಕೊಂಡರೆ ಹುಡುಕಾಟ ಹಗುರಾಗುತ್ತದೆ.

ಊರನ್ನು ಹಿಡಿಯಿರಿ

ಉದಾಹರಣೆಗೆ ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದೆ ಕಂಬದ ಶಾಸನ ಇದೆ. 7ನೇ ಸಂಪುಟ ತೆರೆಯಿರಿ. ನೇರವಾಗಿ ಸರ್ಚ್ ಬಾಕ್ಸ್‌ಗೆ ಹೋಗಬೇಡಿ. ರೈಸ್ ಊರಿನ ಹೆಸರುಗಳಿಗೆ ಅಡಿಗೆರೆ, ಚುಕ್ಕೆ ಹಾಕಿದ್ದಾರೆ. ಸ್ಕ್ಯಾನ್ ಮಾಡಿದ ಯಂತ್ರ ಅದನ್ನು ತಪ್ಪು ಓದಿರುತ್ತದೆ. ಬದಲು, ಶಾಸನ ಸಿಕ್ಕ ಊರುಗಳ ಅಕಾರಾದಿ ಪಟ್ಟಿಯನ್ನು ಹುಡುಕಿ, ಕಣ್ಣಾಡಿಸಿ.

ಪ್ರತಿ ತಾಲ್ಲೂಕಿಗೂ ಎರಡಕ್ಷರದ ಗುರುತು ಇದೆ. ಶಿಕಾರಿಪುರಕ್ಕೆ ಎಸ್‌ಕೆ, ಸೊರಬಕ್ಕೆ ಎಸ್‌ಬಿ, ಬೇಲೂರಿಗೆ ಬಿಎಲ್. ತಾಳಗುಂದದ ಕಂಬ ಎಸ್‌ಕೆ 176. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಅದೇ ನಿಮ್ಮ ಕೀಲಿಕೈ. ಒಂದೇ ಶಾಸನ ಸಂಪುಟದಲ್ಲಿ ಮೂರು ಕಡೆ ಇರುತ್ತದೆ: ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಮೂರಕ್ಕೂ ಇದೇ ಸಂಖ್ಯೆ. ಪುಸ್ತಕದ ಪುಟಸಂಖ್ಯೆ ಬೇರೆ, ಪಿಡಿಎಫ್‌ನ ಪುಟಸಂಖ್ಯೆ ಬೇರೆ ಎಂಬುದು ನೆನಪಿರಲಿ.

ತಾಳಗುಂದದ ಕಂಬದಲ್ಲಿ ಏನಿದೆ ಗೊತ್ತಾ? ಓದಲೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಅವಮಾನಗೊಂಡು, ಓದು ಬಿಟ್ಟು ಕತ್ತಿ ಹಿಡಿದದ್ದು. ಕದಂಬರ ರಾಜ್ಯ ಹುಟ್ಟಿದ ಕಥೆಯನ್ನು ಅವರದೇ ಕವಿ ಕುಬ್ಜ ಸಂಸ್ಕೃತದಲ್ಲಿ ಹೇಳಿದ್ದಾನೆ. ಶಾಲೆಯ ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಸಂಗತಿಯ ಮೂಲವನ್ನೇ ಮನೆಯಲ್ಲಿ ಕೂತು ಓದಬಹುದು. ಇದು ನನಗೆ ಇವತ್ತಿಗೂ ರೋಮಾಂಚನದ ವಿಷಯ.

ನಿಮ್ಮ ಊರಿನದು ಇಷ್ಟು ದೊಡ್ಡ ಕಥೆ ಆಗಿರಬೇಕಿಲ್ಲ. ದನ ಹಿಡಿದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತ ಒಬ್ಬನ ವೀರಗಲ್ಲು ಇರಬಹುದು, ಕೆರೆ ತೂಬಿಗೆ ಬಿಟ್ಟ ಗದ್ದೆಯ ಲೆಕ್ಕ ಇರಬಹುದು. ಅವೂ ನಮ್ಮ ಜನರ ದಾಖಲೆಗಳೇ.

ಅರ್ಥವಾಗದ ಪದಗಳಿಗೆ

ಗದ್ಯಾಣ, ಮತ್ತರು ಮುಂತಾದ ಪದಗಳು ಎದುರಾದರೆ 1894ರ ಕಿಟೆಲ್ ನಿಘಂಟು ನೋಡಿ. ಅದೂ ಆರ್ಕೈವ್‌ನಲ್ಲಿದೆ. ಇವತ್ತಿನ ಪದಗಳಿಗೆ ಅಲರ್ ಎಂಬ ಆನ್‌ಲೈನ್ ನಿಘಂಟು ಸಲೀಸು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ಕೋಶ ಅದು, 2019ರಿಂದ ಎಲ್ಲರಿಗೂ ಮುಕ್ತ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ಇನ್ನೂ ಹಲವು ನಿಘಂಟುಗಳಿವೆ.

ಪಿಎಚ್‌.ಡಿ. ಪ್ರಬಂಧ ಬಿಡಬೇಡಿ

ಶೋಧಗಂಗಾ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಅಧ್ಯಾಯಗಳ ಪ್ರಕಾರ ಸಿಗುತ್ತವೆ. ತಾಲ್ಲೂಕಿನ ಹೆಸರು ಹಾಕಿ ಹುಡುಕಿ. ತಾಲ್ಲೂಕಿನ ಇತಿಹಾಸ, ದೇವಾಲಯಗಳ ಬಗ್ಗೆ ಯಾರೋ ವರ್ಷಗಟ್ಟಲೆ ಅಲೆದು ಬರೆದದ್ದು ಕಣ್ಣಿಗೆ ಬೀಳಬಹುದು. ಕೊನೆಯ ಗ್ರಂಥಋಣದ, ಅಂದರೆ ಬಳಸಿದ ಪುಸ್ತಕಗಳ ಪಟ್ಟಿಯ, ಪುಟಗಳನ್ನು ಮೊದಲು ಓದಿ, ಮುಂದಿನ ದಾರಿ ಅಲ್ಲೇ ಇರುತ್ತದೆ.

ಮತ್ತೆ ಲೈಬ್ರರಿಗೆ

ರೈಸ್ ಅವರ ಕೆಲವು ಓದು, ಕಾಲನಿರ್ಣಯಗಳನ್ನು ನಂತರದ ವಿದ್ವಾಂಸರು ತಿದ್ದಿದ್ದಾರೆ. ಮೈಸೂರು ವಿಶ್ವವಿದ್ಯಾಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಿದೆ. ನಿಮ್ಮ ಸಂಖ್ಯೆ ಬರೆದ ಚೀಟಿ ಹಿಡಿದು ನಗರ ಅಥವಾ ಜಿಲ್ಲಾ ಕೇಂದ್ರ ಗ್ರಂಥಾಲಯದ ಪರಾಮರ್ಶನ ವಿಭಾಗಕ್ಕೆ ಹೋಗಿ, ಆ ಸಂಪುಟ ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಪರಿಷ್ಕೃತ ಸಂಪುಟಗಳಲ್ಲಿ ಶಾಸನಗಳ ಸಂಖ್ಯೆ ಬದಲಾಗಿರುತ್ತದೆ, ಆದ್ದರಿಂದ ಊರಿನ ಹೆಸರನ್ನೂ ಹೇಳಿ.

ನಿಮ್ಮ ಊರಿನ ಕಲ್ಲು ಯಾವ ಸಂಪುಟದಲ್ಲೂ ಸಿಗದಿದ್ದರೆ, ಅದು ಇನ್ನೂ ಯಾರೂ ಓದದ ಶಾಸನ ಆಗಿರಬಹುದು. ಸುಣ್ಣ, ಕುಂಕುಮ, ಎಣ್ಣೆ ಬಳಿಯಬೇಡಿ. ತಂತಿ ಬ್ರಷ್‌ನಿಂದ ಉಜ್ಜಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ, ಆಗ ನಾಲ್ಕೂ ಕಡೆಯಿಂದ ಫೋಟೊ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ.