ಮೇಲ್ಮೈ ಅಲುಗಾಡಲಿ, ಗ್ಯಾಸೂ ಉಳಿಯಲಿ: ಮಂಗಳೂರಿನ ಸೆಖೆಯಲ್ಲಿ ನನ್ನ ಗಿಡದ ಟ್ಯಾಂಕ್

"ನೀರಿನ ಮೇಲ್ಮೈ ಅಲುಗಾಡಿಸ್ಬೇಡಿ ಮಾರಾಯ್ರೆ, ಗ್ಯಾಸ್ ಎಲ್ಲಾ ಹಾರಿಹೋಗ್ತದೆ." ನೀರಿನೊಳಗೆ ಗಿಡ ಬೆಳೆಸುವ ಮೀನಿನ ಟ್ಯಾಂಕ್ ಇಟ್ಟವರೆಲ್ಲ ಈ ಮಾತು ಕೇಳಿರುತ್ತಾರೆ. ಗ್ಯಾಸ್ ಅಂದರೆ ಗಿಡ ಬೆಳೆಯಲೆಂದು ನೀರಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್. ನನಗಂತೂ ಅಂಗಡಿಯವರು, ಗೆಳೆಯರು, ಎಲ್ಲರೂ ಇದನ್ನೇ ಹೇಳಿದರು. ಈಗ ನನ್ನ ಟ್ಯಾಂಕಿನ ಮೇಲ್ಮೈ ಹಗಲೂ ರಾತ್ರಿಯೂ ಅಲುಗಾಡುತ್ತಲೇ ಇರುತ್ತದೆ. ನೀರಿನಲ್ಲಿ ಗ್ಯಾಸ್ ಎಷ್ಟಿದೆ ಅಂತ ಬಣ್ಣದಲ್ಲಿ ಹೇಳುವ ಡ್ರಾಪ್ ಚೆಕ್ಕರ್ (ನೀಲಿ ಅಂದರೆ ಕಡಿಮೆ, ಹಸಿರು ಅಂದರೆ ಸರಿ, ಹಳದಿ ಅಂದರೆ ಹೆಚ್ಚು) ತಿಳಿಹಸಿರು. ಲೈಟ್ ಬಿದ್ದು ಎರಡು ಗಂಟೆಗೆಲ್ಲ ರೋಟಾಲಾ ಗಿಡ ಗುಳ್ಳೆ ಬಿಡಲು ಶುರು ಮಾಡುತ್ತದೆ. ಬೆಳಿಗ್ಗೆ ಒಂದು ಮೀನೂ ಮೇಲೆ ಬಂದು ಬಾಯಿ ಆಡಿಸುವುದಿಲ್ಲ. ಹೀಗೆ ಎರಡು ಬೇಸಿಗೆ ದಾಟಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಟ್ಯಾಂಕ್ ಮೂರಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಮಣ್ಣು, ಕಲ್ಲು ಕಳೆದರೆ ನೀರು 150 ಲೀಟರ್ ಇರಬಹುದು. ಮನೆ ಕುಲಶೇಖರದಲ್ಲಿ. ನೀರು ಮುರಕಲ್ಲಿನ ಬಾವಿಯದು, ಬಹಳ ಮೆದು. ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ, ಒಂದರ ಆಚೀಚೆ. ಸೇದಿದ ಕೂಡಲೇ ಪಿಎಚ್ ನೋಡಿದರೆ ಆರರ ಹತ್ತಿರ ಇರುತ್ತದೆ. ಒಂದು ರಾತ್ರಿ ಬಕೆಟ್‌ನಲ್ಲಿ ಬಿಟ್ಟರೆ ತಾನಾಗಿ ಏರುತ್ತದೆ, ಯಾಕೆಂದರೆ ನೆಲದಡಿಯ ನೀರಿನಲ್ಲಿ ಮೊದಲೇ ಇದ್ದು ಅದನ್ನು ಹುಳಿ ಮಾಡಿದ್ದ ಗ್ಯಾಸ್ ಹೊರಗೆ ಹೋಗುತ್ತದೆ. ನಮ್ಮೂರಿನವರು ಸೇದಿದ ನೀರಿನ ಪಿಎಚ್ ಹಿಡಿದು ಗ್ಯಾಸಿನ ಲೆಕ್ಕ ಹಾಕಬೇಡಿ. ನಿಂತ ನೀರಿನ ಪಿಎಚ್ ತೆಗೆದುಕೊಳ್ಳಿ.

ಗ್ಯಾಸಿಗೆ ಶುರುವಿನಲ್ಲಿ ಎಲ್ಲರ ಹಾಗೆ ಬಾಟಲಿಯಲ್ಲಿ ಸಕ್ಕರೆ, ಈಸ್ಟ್. ನಮ್ಮ ಸೆಖೆಗೆ ಮೊದಲ ಎರಡು ದಿನ ಬಾಟಲಿ ಉಕ್ಕುತ್ತದೆ, ವಾರ ಕಳೆಯುವಾಗ ಸುಸ್ತಾಗುತ್ತದೆ. ಬೆಲ್ಲ ಹಾಕಿ ನೋಡಿದೆ, ಇನ್ನೂ ಬೇಗ ಉಕ್ಕಿತು, ನೊರೆ ಪೈಪಿನೊಳಗೆ ಬಂತು. ನೆರೆಮನೆಯಲ್ಲಿ ಸಾನ್ನಾ ಮಾಡಲು ತಂದ ಶೇಂದಿಯನ್ನೂ ಈಸ್ಟ್ ಬದಲು ಸ್ವಲ್ಪ ಹಾಕಿ ನೋಡಿದ್ದೇನೆ. ಗುಳ್ಳೆ ಚೆನ್ನಾಗಿಯೇ ಬಂತು, ಆದರೆ ಆ ವಾಸನೆಗೆ ಮನೆಯವರು ಬಾಟಲಿಯನ್ನು ಹಿತ್ತಿಲಿಗೆ ಸಾಗಿಸಿದರು. ಇವುಗಳ ದೊಡ್ಡ ತೊಂದರೆ ಬೇರೆಯೇ ಉಂಟು. ಈಸ್ಟಿಗೆ ಹಗಲು ರಾತ್ರಿ ಇಲ್ಲ. ಲೈಟ್ ಆರಿದ ಮೇಲೆ ಗಿಡವೂ ಆಕ್ಸಿಜನ್ ಎಳೆಯುತ್ತದೆ, ಮೀನೂ ಎಳೆಯುತ್ತದೆ, ಬಾಟಲಿ ಮಾತ್ರ ಗ್ಯಾಸ್ ಬಿಡುತ್ತಲೇ ಇರುತ್ತದೆ. ಸಿಟ್ರಿಕ್ ಆಸಿಡ್, ಅಡುಗೆ ಸೋಡಾ ಕಿಟ್ ಸ್ವಲ್ಪ ವಾಸಿ, ನಿಲ್ಲಿಸಬಹುದು. ಆದರೆ ನನ್ನ ಅಳತೆಯ ಟ್ಯಾಂಕಿಗೆ ತಿಂಗಳಿಗೆ ಮುನ್ನೂರು, ನಾನೂರು ರೂಪಾಯಿಯ ಪುಡಿ ಬೇಕಾಯಿತು. ಅಷ್ಟು ಕೊಡುವುದಾದರೆ ಸಿಲಿಂಡರೇ ಲಾಭ.

ಸೆಕೆಂಡ್ ಹ್ಯಾಂಡ್ 5 ಕಿಲೋ ಸಿಲಿಂಡರ್‌ಗೆ ನಾಲ್ಕು ಸಾವಿರದ ಹತ್ತಿರ ಕೊಟ್ಟ ನೆನಪು. ಒತ್ತಡ ತಾಳುತ್ತದೆ ಅಂತ ಪರೀಕ್ಷಿಸಿ ಹೊಡೆದ ಹೈಡ್ರೋ ಟೆಸ್ಟ್ ಮುದ್ರೆ ನೋಡಿಯೇ ತೆಗೆದುಕೊಂಡೆ. ಒತ್ತಡ ಇಳಿಸುವ ರೆಗ್ಯುಲೇಟರ್, ಕರೆಂಟಿನಿಂದ ಗ್ಯಾಸ್ ತೆರೆದು ಮುಚ್ಚುವ ಸೊಲೆನಾಯ್ಡ್, ಗ್ಯಾಸಿನ ಅಳತೆ ಹೆಚ್ಚು ಕಡಿಮೆ ಮಾಡುವ ನೀಡಲ್ ವಾಲ್ವ್ ಸೇರಿ ಒಂದು ಅಂಗಡಿಯವರು ಮೂರು ಸಾವಿರಕ್ಕೆ ಕೊಟ್ಟರು. ಅದು ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಒತ್ತಡ ಹಿಡಿಯಲಿಲ್ಲ. ಕೊನೆಯ ಗ್ಯಾಸ್ ಎಲ್ಲಾ ಒಂದೇ ಸಲ ನೀರಿಗೆ ಬಿತ್ತು. ಕೆಂಪು ಮೂಗಿನ ರಮ್ಮಿನೋಸ್ ಟೆಟ್ರಾ ಮೀನುಗಳ ಗುಂಪು ಅರ್ಧಕ್ಕೆ ಅರ್ಧ ಹೋಯಿತು. ಆಮೇಲೆ ಎರಡು ಹಂತದ ರೆಗ್ಯುಲೇಟರ್ ತರಿಸಿದೆ, ಏಳು ಸಾವಿರ ದಾಟಿತು. ಆ ದುಡ್ಡಿಗೆ ನನಗೆ ಬೇಸರವಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಿಲಿಂಡರಿನ ಒತ್ತಡ ತೋರಿಸುವ ದೊಡ್ಡ ಗೇಜ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಅಂತ ತಿಳಿಯಲು ಹೋಗಬೇಡಿ. ಒಳಗೆ ದ್ರವ ಇರುವಷ್ಟು ದಿನ ಗೇಜ್ ತೋರಿಸುವುದು ಸೆಖೆಯನ್ನು. ನನ್ನದು ಮಳೆಗಾಲದಲ್ಲಿ 950 ಪಿಎಸ್‌ಐ ಆಸುಪಾಸು, ಏಪ್ರಿಲ್ ಮಧ್ಯಾಹ್ನ ಸಾವಿರ ದಾಟುತ್ತದೆ. ನಾನು ತಿಂಗಳಿಗೊಮ್ಮೆ ಸಿಲಿಂಡರನ್ನೇ ತೂಕ ಮಾಡುತ್ತೇನೆ. ಅರ್ಧ ಕಿಲೋ ಉಳಿದಾಗ ಬೈಕಂಪಾಡಿ ಕಡೆ ತುಂಬಿಸಲು ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಎಲ್ಲರೂ ಹೇಳಿದಂತೆ ಮೇಲ್ಮೈ ನಿಂತೇ ಇತ್ತು. ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ನೋಡಿದರೆ ನೀರಿನ ಮೇಲೆ ಎಣ್ಣೆಯಂಥ ಪೊರೆ. ಅದರ ಕೆಳಗೆ ಟೆಟ್ರಾಗಳೆಲ್ಲ ಫಿಲ್ಟರ್ ಪೈಪಿನ ಬಾಯಿಯ ಹತ್ತಿರ ಸೇರಿ ಕಿವಿರು ಬಡಿಯುತ್ತಿದ್ದವು. ರಮ್ಮಿನೋಸಿನ ಮೂಗಿನ ಕೆಂಪು ಮಾಸಿ ತಿಳಿ ಗುಲಾಬಿಯಾಗಿತ್ತು. ಗೌರಾಮಿ ಮಾತ್ರ ಮೂಲೆಯಲ್ಲಿ ಆರಾಮಾಗಿತ್ತು. ಅದು ಹೊರಗಿನ ಗಾಳಿಯನ್ನೇ ನುಂಗುವ ಮೀನು, ಅದನ್ನು ನೋಡಿ ಟ್ಯಾಂಕ್ ಸರಿ ಉಂಟು ಅಂದುಕೊಳ್ಳುವ ಹಾಗಿಲ್ಲ. ಸಂಜೆ ಮತ್ತೆ ಬೇರೆ ಕಥೆ. ಮಧ್ಯಾಹ್ನ ಹಸಿರಾಗಿದ್ದ ಡ್ರಾಪ್ ಚೆಕ್ಕರ್ ರಾತ್ರಿ ಎಂಟಕ್ಕೆ ಹಳದಿ. ಅನುಬಿಯಾಸ್ ಎಲೆಯ ಅಂಚಿಗೆಲ್ಲ ಕಪ್ಪು ಪಾಚಿ.

ದಾರಿ ತೋರಿಸಿದ್ದು ಕುಂದಾಪುರ ಕಡೆ ಸಿಗಡಿ ಸಾಕುವ ಗೆಳೆಯ. ಟ್ಯಾಂಕ್ ನೋಡಿದವನೇ, "ರಾತ್ರಿ ಪ್ಯಾಡಲ್ ವೀಲ್ ಬಂದ್ ಮಾಡಿದ್ರೆ ಬೆಳಿಗ್ಗೆ ನನ್ನ ಸಿಗಡಿ ಇರ್ತದಾ? ನೀನು ಎಂತ ಮಾಡಿದ್ದಿ?" ಅಂದ. ಪ್ಯಾಡಲ್ ವೀಲ್ ಅಂದರೆ ಹೊಂಡದ ನೀರು ಚಿಮ್ಮಿಸಿ ಗಾಳಿ ಬೆರೆಸುವ ಚಕ್ರ. ಹೊಂಡದ ನೀರು ನೋಡುವ ಆಕ್ಸಿಜನ್ ಮೀಟರನ್ನು ಕೆಲವು ದಿನಕ್ಕೆ ಬಿಟ್ಟುಹೋದ. ಬೆಳಗಿನ ಜಾವ ಲೀಟರಿಗೆ ನಾಲ್ಕು ಮಿಲಿಗ್ರಾಂ ಚಿಲ್ಲರೆ, ಸಂಜೆ ಎಂಟು ಮಿಲಿಗ್ರಾಂ ಮೇಲೆ ತೋರಿಸಿತು. ನಮ್ಮ ಟ್ಯಾಂಕ್ ನೀರು ಬೇಸಿಗೆಯಲ್ಲಿ 30 ಡಿಗ್ರಿ. ಆ ಸೆಖೆಗೆ ನೀರು ಗಾಳಿಯಿಂದ ಹಿಡಿದುಕೊಳ್ಳುವ ಆಕ್ಸಿಜನ್ನೇ ಲೀಟರಿಗೆ ಏಳೂವರೆ ಮಿಲಿಗ್ರಾಂ. ಅದರಲ್ಲಿ ಅರ್ಧ ಹೋದರೆ ಮೀನು ಏನು ಮಾಡಬೇಕು?

ಅವತ್ತೇ ಫಿಲ್ಟರಿನ ನೀರು ಟ್ಯಾಂಕಿಗೆ ಬಿಡುವ ಲಿಲಿ ಪೈಪನ್ನು ಮೇಲಕ್ಕೆ ಎತ್ತಿದೆ. ಮೇಲಿನ ಪೊರೆ ಎಳೆಯುವ ಸ್ಕಿಮ್ಮರ್ ಹಾಕಿದೆ. ಇಡೀ ಮೇಲ್ಮೈಯಲ್ಲಿ ಅಲೆ ಓಡಬೇಕು, ಆದರೆ ಗುಳುಗುಳು ಸದ್ದು ಬರಬಾರದು, ಅಷ್ಟು. ನಿಜ, ಗ್ಯಾಸ್ ಹಾರಿತು, ಡ್ರಾಪ್ ಚೆಕ್ಕರ್ ನೀಲಿಯಾಯಿತು. ಎಲ್ಲರೂ ಇಲ್ಲಿಗೇ ಕೈಬಿಡುತ್ತಾರೆ. ನಾನು ನೀಡಲ್ ವಾಲ್ವ್ ತಿರುಗಿಸಿದೆ. ಸಿಲಿಂಡರಿನಿಂದ ಮೊದಲು ಸೆಕೆಂಡಿಗೆ ಎರಡು ಗುಳ್ಳೆ ಬರುತ್ತಿದ್ದದ್ದು ಈಗ ಐದರ ಹತ್ತಿರ.

ಆಮೇಲೆ ಆದದ್ದೇ ಮುಖ್ಯ. ಮೇಲ್ಮೈ ನಿಂತಿದ್ದಾಗ ಗ್ಯಾಸಿಗೆ ಹೊರಗೆ ಹೋಗುವ ದಾರಿ ಚಿಕ್ಕದು, ಹಾಗಾಗಿ ಸಂಜೆವರೆಗೂ ಏರುತ್ತಲೇ ಹೋಗುತ್ತಿತ್ತು. ಮೇಲ್ಮೈ ಅಲುಗಾಡಿದರೆ ಒಂದೂವರೆ, ಎರಡು ಗಂಟೆಯಲ್ಲಿ ಬರುವಷ್ಟೇ ಹೋಗುವ ಹಂತಕ್ಕೆ ಬಂದು ನಿಂತುಬಿಡುತ್ತದೆ. ಮತ್ತೆ ಲೈಟ್ ಆರುವವರೆಗೂ ಕದಲುವುದಿಲ್ಲ. ಆಕ್ಸಿಜನ್ನಿಗೂ ಕಾರ್ಬನ್ ಡೈಆಕ್ಸೈಡ್‌ಗೂ ನೀರಿನಲ್ಲಿ ಜಾಗಕ್ಕೆ ಜಗಳ ಇಲ್ಲ, ಎರಡೂ ಒಟ್ಟಿಗೇ ಜಾಸ್ತಿ ಇರಬಹುದು. ಮೀಟರ್ ಮತ್ತೆ ತರಿಸಿ ನೋಡಿದೆ. ಆಕ್ಸಿಜನ್ ಬೆಳಿಗ್ಗೆ ಆರೂವರೆ ಮಿಲಿಗ್ರಾಂಗಿಂತ ಮೇಲೆ, ಸಂಜೆ ಒಂಬತ್ತು ಮಿಲಿಗ್ರಾಂ ಹತ್ತಿರ. ನಿಂತ ನೀರಿನ ಪಿಎಚ್ 7.3, ಗ್ಯಾಸ್ ಏರದೆ ಒಂದೇ ಮಟ್ಟದಲ್ಲಿರುವಾಗ 6.3. ಒಂದು ಅಂಕ ಇಳಿದರೆ ಗ್ಯಾಸ್ ಹತ್ತು ಪಾಲು ಆಯಿತು ಅಂತ ಲೆಕ್ಕ, ಕೆಎಚ್ ಎರಡು ಹಿಡಿದರೆ 30 ಪಿಪಿಎಂ, ಅಂದರೆ ಲೀಟರಿಗೆ 30 ಮಿಲಿಗ್ರಾಂ ಆಸುಪಾಸು ಬರುತ್ತದೆ. ಕಪ್ಪು ಪಾಚಿ ಹೊಸ ಎಲೆಗೆ ಬರಲೇ ಇಲ್ಲ. ಹಳೆ ಎಲೆ ಕತ್ತರಿಸಿ ತೆಗೆದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಮೊದಲು ಒಂದು ಸಿಲಿಂಡರ್ ವರ್ಷಕ್ಕೂ ಮೇಲೆ ಬರುತ್ತಿತ್ತು, ಈಗ ಏಳೆಂಟು ತಿಂಗಳು. ತುಂಬಿಸಲು ಐನೂರು, ಆರುನೂರು ರೂಪಾಯಿ. ವರ್ಷಕ್ಕೆ ಒಂದು ಐನೂರು ಜಾಸ್ತಿ ಹೋಯಿತು. ಗ್ಯಾಸ್ ದಂಡ ಅಂತ ಹೇಳಿದವರ ಟ್ಯಾಂಕಿನಲ್ಲಿ ಒಂದು ಬೇಸಿಗೆಗೆ ಸಾಯುವ ಮೀನಿನ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ.

ಮೇಲೆ ಕೆಎಚ್ ಒಂದು ಅಂದೆ, ಲೆಕ್ಕಕ್ಕೆ ಎರಡು ಹಿಡಿದಿದ್ದೇನೆ. ಅದಕ್ಕೆ ಕಾರಣ ಮರುವಾಯಿ ಅನ್ನುವ ಕಪ್ಪೆಚಿಪ್ಪು. ಮನೆಯಲ್ಲಿ ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ಕುದಿಸಿ, ತಿಕ್ಕಿ, ಬಿಸಿಲಿಗೆ ಒಣಗಿಸಿ ಒಂದು ಹಿಡಿ ಫಿಲ್ಟರ್ ಒಳಗೆ ಹಾಕಿದೆ. ಗ್ಯಾಸ್ ಇರುವ ಹುಳಿ ನೀರಿಗೆ ಚಿಪ್ಪು ನಿಧಾನ ಕರಗುತ್ತದೆ, ಕೆಎಚ್ ಎರಡರಲ್ಲಿ ನಿಲ್ಲುತ್ತದೆ. ಎರಡು ಹಿಡಿ ಹಾಕಿದಾಗ ನಾಲ್ಕಕ್ಕೆ ಹೋಯಿತು, ಅಷ್ಟು ಬೇಡ. ಡ್ರಾಪ್ ಚೆಕ್ಕರ್ ಒಳಗೆ ಮಾತ್ರ ಟ್ಯಾಂಕ್ ನೀರು ಹಾಕಬೇಡಿ, 4 ಕೆಎಚ್ ದ್ರಾವಣವೇ ಆಗಬೇಕು. ಫ್ಯಾನ್ ಇಟ್ಟು ನೀರು ತಣಿಸುವ ಪ್ರಯೋಗವೂ ಆಯಿತು. ನಮ್ಮ ಮೇ ತಿಂಗಳ ಹಸಿಗಾಳಿಯಲ್ಲಿ ಒಂದು, ಒಂದೂವರೆ ಡಿಗ್ರಿ ಇಳಿದರೆ ಪುಣ್ಯ. ಹುಬ್ಬಳ್ಳಿಯವರಿಗೆ ಅದು ಆದೀತು.

ಗ್ಯಾಸ್ ಕರಗಿಸಲು ಪಿವಿಸಿ ಪೈಪಿನಲ್ಲಿ ನಾನೇ ರಿಯಾಕ್ಟರ್ ಮಾಡಿಕೊಂಡಿದ್ದೇನೆ. ಒಂದು ಗುಳ್ಳೆಯೂ ಟ್ಯಾಂಕಿಗೆ ಬರುವುದಿಲ್ಲ. ಒಳಗೆ ಏನು ತುಂಬಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲಿ ಕರೆಂಟ್ ಹೋಗುವುದಕ್ಕೂ ತಯಾರಿರಬೇಕು. ಫಿಲ್ಟರ್ ಇನ್ವರ್ಟರ್ ಲೈನಿನಲ್ಲಿ, ಲೈಟ್ ಮತ್ತು ಸೊಲೆನಾಯ್ಡ್ ನೇರ ಲೈನಿನಲ್ಲಿ. ಕರೆಂಟ್ ಹೋದರೆ ಗ್ಯಾಸ್ ತಾನಾಗಿ ನಿಲ್ಲುತ್ತದೆ, ಅಲೆ ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ ಎಲ್ಲವನ್ನೂ ಒಂದೇ ಬೋರ್ಡಿಗೆ ಕೊಡ್ತೇನೆ ಅಂದರೆ ಒಪ್ಪಬೇಡಿ. ಇನ್ವರ್ಟರ್ ಕೈಕೊಟ್ಟರೆ ಅಂತ ಬ್ಯಾಟರಿ ಏರ್ ಪಂಪ್ ಒಂದನ್ನು ನೇತುಹಾಕಿದ್ದೇನೆ, ಐನೂರರ ಒಳಗೆ ಸಿಗುತ್ತದೆ.

ಮಾಡಿ ನೋಡುವವರು ರಜೆಯ ದಿನ ಮಾಡಿ, ಟ್ಯಾಂಕಿನ ಮುಂದೆಯೇ ಇರಿ. ಮೊದಲು ಅಲೆ, ಆಮೇಲೆ ಗ್ಯಾಸ್, ಈ ಕ್ರಮ ಬದಲಾಗಬಾರದು. ಲೈಟಿಗಿಂತ ಎರಡು ಗಂಟೆ ಮೊದಲು ಗ್ಯಾಸ್ ಶುರುವಾಗಲಿ, ಲೈಟ್ ಆರುವ ಒಂದು ಗಂಟೆ ಮೊದಲು ನಿಲ್ಲಲಿ. ವಾಲ್ವ್ ದಿನಕ್ಕೆ ಕೂದಲೆಳೆಯಷ್ಟು ತಿರುಗಿಸಿ. ಡ್ರಾಪ್ ಚೆಕ್ಕರ್ ಒಂದೆರಡು ಗಂಟೆ ತಡವಾಗಿ ಹೇಳುತ್ತದೆ, ಅದಕ್ಕಿಂತ ಮೊದಲು ಮೀನೇ ಹೇಳುತ್ತದೆ. ರಮ್ಮಿನೋಸಿನ ಕೆಂಪು ಮಾಸಿದರೆ, ಸಿಗಡಿ ಮೇಲಕ್ಕೆ ಹತ್ತಿದರೆ ಹಿಂದಿನ ದಿನದ ಅಳತೆಗೆ ಬನ್ನಿ. ನಾನು ಮೊನ್ನೆ ಡೆನಿಸನ್ ಬಾರ್ಬ್ ಗುಂಪು ಬಿಟ್ಟಿದ್ದೇನೆ. ಘಟ್ಟದ ಹರಿಯುವ ಹೊಳೆಯ ಮೀನು, ಗ್ಯಾಸ್ ಟ್ಯಾಂಕಿಗೆ ಆಗುವುದಿಲ್ಲ ಅಂತ ಮತ್ತೆ ಅದೇ ಅಂಗಡಿಯವರು ಹೇಳಿದ್ದಾರೆ. ಇಲ್ಲಿಯವರೆಗೆ ಚೆನ್ನಾಗಿ ತಿನ್ನುತ್ತಿವೆ, ಪೈಪಿನ ಎದುರು ಈಜುತ್ತಿವೆ. ಈ ಮೇ ತಿಂಗಳು ಕಳೆಯಲಿ, ಅವುಗಳ ಲೆಕ್ಕವನ್ನೂ ಬರೆಯುತ್ತೇನೆ.