ಕ್ಯಾಸ್ಕ್ ಸ್ಟ್ರೆಂತ್ ಐರಿಷ್ ವಿಸ್ಕಿ: ನೀರು ಹಾಕುತ್ತಾ ಅಂಕ ಕೊಡುವ ಬಗೆ

ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ಬಾಟಲಿಗೆ ತುಂಬಿದ ವಿಸ್ಕಿಯೇ ಕ್ಯಾಸ್ಕ್ ಸ್ಟ್ರೆಂತ್. ಬಾಟಲಿಯ ಮೇಲೆ ಆಲ್ಕೋಹಾಲ್ ಶೇ. 57 ಅಥವಾ 58 ಎಂದು ಬರೆದಿರುವ ಇಂಥ ಐರಿಷ್ ವಿಸ್ಕಿಗೆ ಅಂಕ ಕೊಡುವಾಗ ನೀಟಾಗಿ, ಅಂದರೆ ನೀರು ಹಾಕದೆ, ಕುಡಿದ ಮೊದಲ ಗುಟುಕನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಗುಟುಕಿನಲ್ಲಿ ಗೊತ್ತಾಗುವುದು ಆಲ್ಕೋಹಾಲಿನ ಉರಿ ಮಾತ್ರ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರತುದಿಗಳೇ ಆಲ್ಕೋಹಾಲಿಗೂ ಕೆರಳುತ್ತವೆ. ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಎಚ್ಚರಗೊಳ್ಳುವ ಅವು ಆಲ್ಕೋಹಾಲ್ ತಗುಲಿದಾಗ 34 ಡಿಗ್ರಿಗೇ ಎಚ್ಚರಗೊಳ್ಳುತ್ತವೆ. ಅಂದರೆ ಬಾಯಿಯ ಸ್ವಂತ ಬಿಸಿಯೇ ಸುಟ್ಟಂತೆ ಅನ್ನಿಸುತ್ತದೆ. ಈ ಉರಿಯನ್ನು ‘ಗತ್ತು’ ಎಂದು ಮೆಚ್ಚಿಕೊಳ್ಳುವವರೂ ಇದ್ದಾರೆ, ‘ಒರಟು’ ಎಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರೂ ಇನ್ನೂ ವಿಸ್ಕಿಯ ರುಚಿ ನೋಡಿಲ್ಲ. ಅಳೆದು ನೀರು ಸೇರಿಸುತ್ತಾ ಹೋದಾಗ ಅದು ಎಲ್ಲಿಯವರೆಗೆ ಕೆಡದೆ ನಿಲ್ಲುತ್ತದೆ ಎನ್ನುವುದರಲ್ಲಿ ನಿಜವಾದ ಪರೀಕ್ಷೆ ಇದೆ.

ಉದಾಹರಣೆಗೆ ರೆಡ್‌ಬ್ರೆಸ್ಟ್ 12 ವರ್ಷದ ಕ್ಯಾಸ್ಕ್ ಸ್ಟ್ರೆಂತ್ ತೆಗೆದುಕೊಳ್ಳುತ್ತೇನೆ. ಐರ್ಲೆಂಡಿನ ಕಾರ್ಕ್ ಕೌಂಟಿಯ ಮಿಡಲ್ಟನ್ ಡಿಸ್ಟಿಲರಿಯದು. 2011ರಲ್ಲಿ ಬಂದ ಮೊದಲ ಬ್ಯಾಚ್ ಶೇ. 57.7 ಇತ್ತು, ಆಮೇಲಿನ ಬ್ಯಾಚುಗಳಲ್ಲಿ ಅಂಕಿ ಬದಲಾಗುತ್ತಲೇ ಇದೆ. ಹಾಗಾಗಿ ಟಿಪ್ಪಣಿ ಬರೆಯುವ ಮೊದಲು ಲೇಬಲ್ಲಿನ ಬ್ಯಾಚ್ ಸಂಖ್ಯೆ ಮತ್ತು ಶೇಕಡಾ ಎರಡನ್ನೂ ಬರೆದುಕೊಳ್ಳಬೇಕು. ಬ್ಯಾಚ್ ಹೇಳದೆ ಕೊಟ್ಟ ಅಂಕ ಮುಂದಿನ ಬಾಟಲಿ ಕೊಳ್ಳುವವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಆಲ್ಕೋಹಾಲಿನ ಪ್ರಮಾಣ ಹೇಳುವ ಇನ್ನೊಂದು ಅಳತೆಯಾದ ಪ್ರೂಫ್ ಲೆಕ್ಕದಲ್ಲಿ ಗೊಂದಲ ಬೇಡ. ನಮ್ಮಲ್ಲಿ ಸಾಮಾನ್ಯ ವಿಸ್ಕಿ ಬಾಟಲಿಯ ಮೇಲೆ ಕಾಣುವ ಶೇ. 42.8 ಎಂದರೆ ಹಳೆಯ ಬ್ರಿಟಿಷ್ ಪದ್ಧತಿಯ 75 ಡಿಗ್ರಿ ಪ್ರೂಫ್. ಅದೇ ಪದ್ಧತಿಯಲ್ಲಿ 100 ಡಿಗ್ರಿ ಎಂದರೆ ಶೇ. 57.1, ಶೇ. 57.7ರ ವಿಸ್ಕಿ 101 ಡಿಗ್ರಿ ಆಗುತ್ತದೆ. ಅಮೆರಿಕದವರು ಶೇಕಡಾವನ್ನು ಎರಡರಿಂದ ಗುಣಿಸುತ್ತಾರೆ, ಅವರಿಗೆ ಅದೇ ವಿಸ್ಕಿ 115.4. ನಾನು ಶೇಕಡಾದಲ್ಲೇ ಬರೆಯುತ್ತೇನೆ.

ರೆಡ್‌ಬ್ರೆಸ್ಟ್ ಸಿಂಗಲ್ ಪಾಟ್ ಸ್ಟಿಲ್ (ಒಂದೇ ಡಿಸ್ಟಿಲರಿಯಲ್ಲಿ ಹಂಡೆಯಲ್ಲಿ ಭಟ್ಟಿ ಇಳಿಸುವ ಐರಿಷ್ ಬಗೆ) ಎನ್ನುವುದು ಮುಖ್ಯ. ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕನಿಷ್ಠ ಶೇ. 30, ಮಾಲ್ಟ್ ಮಾಡದ ಹಸಿ ಬಾರ್ಲಿ ಕನಿಷ್ಠ ಶೇ. 30, ಓಟ್ಸ್ ಅಥವಾ ರೈನಂಥ ಬೇರೆ ಧಾನ್ಯ ಹೆಚ್ಚೆಂದರೆ ಶೇ. 5, ಇದು ನಿಯಮ. ಮಿಡಲ್ಟನ್‌ನಲ್ಲಿ ತಾಮ್ರದ ಹಂಡೆಗಳಲ್ಲಿ ಮೂರು ಸಲ ಭಟ್ಟಿ ಇಳಿಸುತ್ತಾರೆ. ನಾಲಿಗೆಗೆ ಎಣ್ಣೆಯಂತೆ ಅಂಟುವ ದಪ್ಪ, ಮಸಾಲೆಯ ಚುರುಕು ಎರಡೂ ಹಸಿ ಬಾರ್ಲಿಯಿಂದ ಬರುತ್ತವೆ. ಈ ದಪ್ಪ ಇಲ್ಲದಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಪಾಟ್ ಸ್ಟಿಲ್ ಆಗಿ ಅದಕ್ಕೆ ನಾನು ಹೆಚ್ಚು ಅಂಕ ಕೊಡುವುದಿಲ್ಲ.

ಬೇಕಾಗುವ ಸಾಮಾನು ಕಡಿಮೆ. ಬಾಯಿ ಕಿರಿದಾದ ಟ್ಯುಲಿಪ್ ಆಕಾರದ ಒಂದೇ ಬಗೆಯ ಎರಡು ಗ್ಲಾಸು, ಮುಚ್ಚಲು ಎರಡು ಚಿಕ್ಕ ತಟ್ಟೆ, ಮೆಡಿಕಲ್ ಶಾಪಿನಲ್ಲಿ ಸಿಗುವ 5 ಮಿಲಿ ಸಿರಿಂಜ್ (ಸೂಜಿ ಬೇಡ), ಉಗುಳಲು ಒಂದು ಲೋಟ. ನೀರು ಆರ್‌ಒ ಅಥವಾ ಡಿಸ್ಟಿಲ್ಡ್ ಆಗಿರಲಿ. ನಲ್ಲಿ ನೀರಿನ ಕ್ಲೋರಿನ್ ವಾಸನೆ ಹಣ್ಣಿನ ಪರಿಮಳವನ್ನು ಮೊದಲು ಕೊಲ್ಲುತ್ತದೆ, ಬೋರ್‌ವೆಲ್ ನೀರಿನ ಗಡಸುತನ ರುಚಿಯನ್ನು ಚಪ್ಪೆ ಮಾಡುತ್ತದೆ. ಗ್ಲಾಸನ್ನು ಸಾಬೂನು ಹಾಕದೆ ಬಿಸಿನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಬೇಕು. ಒರೆಸುವ ಬಟ್ಟೆಯ ವಾಸನೆ ಗ್ಲಾಸಿಗೆ ಹತ್ತಿದರೆ ವಿಸ್ಕಿಯಲ್ಲಿ ಮುಗ್ಗಲು ವಾಸನೆ ಇದೆ ಎಂದು ಸುಳ್ಳು ತೀರ್ಪು ಬರೆದುಬಿಡುತ್ತೀರಿ.

ಬಿಸಿಲುಗಾಲದಲ್ಲಿ ಕೋಣೆ 30 ಡಿಗ್ರಿ ಇದ್ದರೆ ಆಲ್ಕೋಹಾಲಿನ ಘಾಟು ಎದ್ದು ಉಳಿದೆಲ್ಲವನ್ನೂ ಮುಚ್ಚುತ್ತದೆ. ಬಾಟಲಿಯನ್ನು ಸ್ವಲ್ಪ ಹೊತ್ತು ತಣ್ಣೀರಿನ ಬಕೆಟ್ಟಿನಲ್ಲಿಟ್ಟು 20 ಡಿಗ್ರಿಯ ಹತ್ತಿರಕ್ಕೆ ತರುತ್ತೇನೆ. ಫ್ರಿಜ್ಜಿನ ತಣ್ಣಗೂ ಬೇಡ, ಐಸ್ ಅಂತೂ ಬೇಡವೇ ಬೇಡ. ಮಸಾಲೆ ಊಟ, ಕಾಫಿ, ಎಲೆಅಡಿಕೆ ಆಗಿ ಎರಡು ಗಂಟೆಯಾದರೂ ಕಳೆದಿರಬೇಕು. ಅಡಿಕೆಯ ಒಗರು ಬಾಯಲ್ಲಿದ್ದಾಗ ಪೀಪಾಯಿಯ ಓಕ್ ಮರದ ಒಗರನ್ನು ತೂಗಲು ಸಾಧ್ಯವೇ ಇಲ್ಲ.

ಎರಡೂ ಗ್ಲಾಸಿಗೆ 15 ಮಿಲಿಯಂತೆ ಸುರಿಯಬೇಕು. ಒಂದು ನೀಟಾಗಿ ಹಾಗೇ ಇರುತ್ತದೆ, ಇನ್ನೊಂದಕ್ಕೆ ನೀರು. ಶೇ. 58ರ ಈ 30 ಮಿಲಿ ಶೇ. 42.8ರ ಸಾಮಾನ್ಯ ವಿಸ್ಕಿಯ 40 ಮಿಲಿಗೆ ಸಮ ಎನ್ನುವುದು ನೆನಪಿರಲಿ. ನಾಲ್ಕಕ್ಕಿಂತ ಹೆಚ್ಚು ಮಾದರಿ ಒಂದು ಕೂತಿಗೆ ಬೇಡ, ನಾಲ್ಕರಲ್ಲೂ ಹೆಚ್ಚಿನ ಪಾಲು ಉಗುಳಲೇಬೇಕು, ಆಮೇಲೆ ಗಾಡಿ ಮುಟ್ಟಬಾರದು.

ಬಣ್ಣಕ್ಕೆ ನಾನು ಅಂಕ ಇಟ್ಟಿಲ್ಲ. ಐರಿಷ್ ವಿಸ್ಕಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲಿ ಅನುಮತಿ ಇದೆ. ಗ್ಲಾಸಿನ ಗೋಡೆಯಲ್ಲಿ ಇಳಿಯುವ ಧಾರೆಗಳು ಆಲ್ಕೋಹಾಲ್ ಎಷ್ಟಿದೆ ಎಂದಷ್ಟೇ ಹೇಳುತ್ತವೆ, ಅದು ಲೇಬಲ್ಲಿನಲ್ಲೇ ಇದೆ.

ಸುರಿದು ಹತ್ತು ನಿಮಿಷ ಮುಚ್ಚಿಡಬೇಕು. ತಟ್ಟೆ ತೆಗೆದ ಕೂಡಲೇ ಮೂಗು ಒಳಗೆ ಹಾಕಿದರೆ ಘಾಟು ಹೊಡೆದು ಐದು ನಿಮಿಷ ಮೂಗು ಮರಗಟ್ಟುತ್ತದೆ. ವೈನ್ ಗ್ಲಾಸಿನಂತೆ ಗರಗರ ತಿರುಗಿಸಿದರೂ ಇದೇ ಪಾಡು. ಗ್ಲಾಸನ್ನು ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಎರಡು ಸಲ ಮೂಸಿ ಕೆಳಗಿಡುವುದು. ಆಮೇಲೆ ತುಸು ಹತ್ತಿರ. ನೀಟಾಗಿರುವಾಗ ಮೊದಲು ಮೇಲೇಳುವುದು ಪೀಪಾಯಿಯ ವಾಸನೆ: ಒಲೊರೋಸೊ ಶೆರಿ (ಸ್ಪೇನಿನ ಒಂದು ಬಗೆಯ ವೈನ್) ಪೀಪಾಯಿಯ ಒಣದ್ರಾಕ್ಷಿ, ಖರ್ಜೂರ, ಒಣ ಅಂಜೂರ, ಬರ್ಬನ್ (ಅಮೆರಿಕದ ವಿಸ್ಕಿ) ಪೀಪಾಯಿಯ ವೆನಿಲಾ, ಕೊಬ್ಬರಿ. ಬಾಯಿಗೆ 2 ಮಿಲಿಯಷ್ಟು ಹಾಕಿ ಹತ್ತು ಎಣಿಸುವವರೆಗೆ ಆಡಿಸಿ ಉಗುಳುವುದು. ಇದು ಬಾಯಿಯನ್ನು ಹದಕ್ಕೆ ತರಲು ಮಾತ್ರ. ಎರಡನೆಯ ಗುಟುಕಿನಿಂದ ಬರೆಯಲು ಶುರುಮಾಡಬಹುದು.

ಈಗ ನೀರು. ಲೆಕ್ಕ ಸುಲಭ: ವಿಸ್ಕಿಯ ಮಿಲಿಯನ್ನು ಈಗಿನ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿದರೆ ಒಟ್ಟು ಎಷ್ಟಾಗಬೇಕು ಎಂದು ಸಿಗುತ್ತದೆ, ಅದರಲ್ಲಿ ಮೊದಲಿನ ಮಿಲಿ ಕಳೆದರೆ ಸೇರಿಸಬೇಕಾದ ನೀರು. ಶೇ. 58ರ 15 ಮಿಲಿಗೆ 2.4 ಮಿಲಿ ನೀರು ಹಾಕಿದರೆ ಶೇ. 50. ಈ ಹಂತದಲ್ಲಿ ಬರೀ ಮೂಸುತ್ತೇನೆ. ಇನ್ನೊಂದು 1.5 ಮಿಲಿಗೆ ಶೇ. 46ಕ್ಕೆ ಇಳಿಯುತ್ತದೆ, ಇಲ್ಲಿ 2 ಮಿಲಿಯ ಎರಡು ಗುಟುಕು. ಉಳಿದ ಸುಮಾರು 15 ಮಿಲಿಗೆ 2.2 ಮಿಲಿ ಹಾಕಿದರೆ ಶೇ. 40. ಮತ್ತೊಂದು ಗುಟುಕು. ಕೊನೆಗೆ ಉಳಿದಷ್ಟೇ ನೀರು ಹಾಕಿ ಶೇ. 20ಕ್ಕೆ ತಂದು ಮೂಸುವುದು. ವಿಸ್ಕಿಗಳನ್ನು ಬೆರೆಸಿ ಹದ ಮಾಡುವ ವೃತ್ತಿಪರ ಬ್ಲೆಂಡರುಗಳು ಮಾದರಿಗಳನ್ನು ಮೂಸುವುದೂ ಸಾಮಾನ್ಯವಾಗಿ ಈ ಶೇ. 20ರಲ್ಲೇ.

ಪ್ರತಿ ಸಲ ನೀರು ಹಾಕಿದ ಮೇಲೆ ಮುಚ್ಚಿ ನಾಲ್ಕೈದು ನಿಮಿಷ ಬಿಡಬೇಕು. ಆಲ್ಕೋಹಾಲ್ ಮತ್ತು ನೀರು ಬೆರೆಯುವಾಗ ಶಾಖ ಹುಟ್ಟುತ್ತದೆ, ಆ ಗಳಿಗೆಯಲ್ಲಿ ಮೂಸಿದರೆ ಘಾಟು ಹೆಚ್ಚಿದಂತೆ ಕಾಣುತ್ತದೆ. ನೀರು ಪರಿಮಳವನ್ನು ತೆಳುಮಾಡುವುದಷ್ಟೇ ಅಲ್ಲ, ಕೆಲವನ್ನು ಮೇಲಕ್ಕೂ ತರುತ್ತದೆ. ಸುಟ್ಟ ಮರದ ವಾಸನೆಯ ಗ್ವಾಯಕಾಲ್ ಎಂಬ ಅಣು ಹೇಗೆ ವರ್ತಿಸುತ್ತದೆ ಎಂದು ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದವರು 2017ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ನೋಡಿದರು. ಶೇ. 45ರವರೆಗೆ ಅದು ದ್ರವದ ಮೇಲ್ಮೈಯಲ್ಲಿರುತ್ತದೆ, ಶೇ. 59 ದಾಟಿದರೆ ಆಲ್ಕೋಹಾಲ್ ಅಣುಗಳು ಸುತ್ತುವರಿದು ಒಳಗೇ ಉಳಿಯುತ್ತದೆ. ಶೇ. 46ರ ಆಸುಪಾಸಿನಲ್ಲಿ ಗ್ಲಾಸು ತಟ್ಟನೆ ಬಿಚ್ಚಿಕೊಳ್ಳುವ ಅನುಭವಕ್ಕೆ ಇದು ಹೊಂದಿಕೆಯಾಗುತ್ತದೆ.

ಶೇ. 50ರಲ್ಲಿ ಲವಂಗ, ಶುಂಠಿ, ಜಾಯಿಕಾಯಿ ಸ್ಪಷ್ಟವಾಗುತ್ತವೆ. ಲವಂಗಕ್ಕೆ ಪರಿಮಳ ಕೊಡುವ ಯೂಜಿನಾಲ್ ಓಕ್ ಮರದಲ್ಲೂ ಇದೆ. ಶೇ. 46ರಲ್ಲಿ ಪೇರ್ ಹಣ್ಣು, ಹಸಿರು ಸೇಬು, ಜೊತೆಗೆ ಅಗಸೆ ಎಣ್ಣೆಯ ಜಿಡ್ಡು. ಈ ಅಗಸೆಯ ಎಳೆ ಪಾಟ್ ಸ್ಟಿಲ್‌ನ ಗುರುತು, ಅಗಸಿ ಚಟ್ನಿ ಉಂಡು ಬೆಳೆದವರ ಮೂಗಿಗೆ ತಪ್ಪುವುದಿಲ್ಲ. ಶೇ. 40ರಲ್ಲಿ ದಪ್ಪ ಉಳಿದಿದೆಯೇ ಎಂದು ನೋಡುತ್ತೇನೆ. ನೀಟ್ ಗ್ಲಾಸಿನಲ್ಲಿ ದಪ್ಪ ಅನ್ನಿಸಿದ್ದು ಇಲ್ಲಿ ನೀರುನೀರಾದರೆ ಅದು ಬರೀ ಆಲ್ಕೋಹಾಲಿನ ಭಾರ. ಒಳ್ಳೆಯ ಬ್ಯಾಚಿನಲ್ಲಿ ಶೇ. 40ರಲ್ಲೂ ನಾಲಿಗೆಯ ಅಂಚಿಗೆ ಕೆನೆ ಅಂಟುತ್ತದೆ. ಈ ಹಂತಗಳಲ್ಲಿ ಗ್ಲಾಸು ಮಸುಕಾದರೆ ಹೆದರಬೇಡಿ. ಬಾಟಲಿಗೆ ತುಂಬುವ ಮೊದಲು ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಉಳಿದ, ಜಿಡ್ಡಿನಂಥ ಉದ್ದ ಸರಪಳಿಯ ಎಸ್ಟರುಗಳು ನೀರಿಗೆ ಕರಗದೆ ಹಾಗೆ ಕಾಣುತ್ತವೆ, ದೋಷವಲ್ಲ.

ದೋಷಗಳು ಸಿಕ್ಕಿಬೀಳುವುದು ಶೇ. 20ರಲ್ಲಿ. ಹಳೆಯ ಎಣ್ಣೆಯ ಕಮಟು, ಬೆವರು, ಹುಳಿತ ಚೀಸ್ ಬಂದರೆ ಭಟ್ಟಿಯಲ್ಲಿ ಕೊನೆಗೆ ಇಳಿಯುವ ಬಾಲದ ಭಾಗವನ್ನು ತಡವಾಗಿ ಬೇರ್ಪಡಿಸಿದ್ದಾರೆ. ನೇಲ್ ಪಾಲಿಶ್ ರಿಮೂವರ್ ವಾಸನೆ ತೀರಾ ಚುಚ್ಚಿದರೆ ಮೊದಲು ಇಳಿಯುವ ತಲೆಯ ಭಾಗ ಹೆಚ್ಚು ಸೇರಿದೆ. ಗೀಚಿದ ಬೆಂಕಿಕಡ್ಡಿ, ರಬ್ಬರ್ ಬಂದರೆ ಶೆರಿ ಪೀಪಾಯಿಗೆ ಹಾಕಿದ ಗಂಧಕದ ಹೊಗೆ ಕಾರಣವಿರಬಹುದು. ಅರ್ಧ ಗಂಟೆ ತೆರೆದಿಟ್ಟ ಮೇಲೂ ಹೋಗದಿದ್ದರೆ ಅಂಕ ಕಡಿಯುತ್ತೇನೆ. ಒದ್ದೆ ರಟ್ಟಿನ ಮುಗ್ಗಲು ಎಂದರೆ ಕಾರ್ಕ್ ಕೆಟ್ಟಿದೆ. ಅದು ಆ ಒಂದು ಬಾಟಲಿಯ ದೋಷ, ಬ್ಯಾಚಿನ ಮೇಲೆ ಹೊರಿಸಬಾರದು. ನುಂಗಿದ ಮೇಲೆ ಒಸಡು ಹಿಡಿದಂತಾಗುವ ಒಗರು ಮರ ಹೆಚ್ಚಾದದ್ದರ ಲಕ್ಷಣ.

ಅಂಕ ಹೀಗೆ: ಮೂಗಿಗೆ 30, ಬಾಯಿಗೆ 30, ಗಂಟಲಿಳಿದ ಮೇಲೆ ಉಳಿಯುವ ರುಚಿಗೆ 20, ನೀರು ತಡೆಯುವ ಗುಣಕ್ಕೆ 20. ಕೊನೆಯ 20 ಯಾಕೆ ಅಷ್ಟು ಎಂದು ಕೆಲವರು ಕೇಳುತ್ತಾರೆ. ಕ್ಯಾಸ್ಕ್ ಸ್ಟ್ರೆಂತ್ ಕೊಳ್ಳುವವರು ಹೆಚ್ಚು ದುಡ್ಡು ಕೊಟ್ಟು ಪಡೆಯುವುದೇ ತಮ್ಮ ಬಾಯಿಗೆ ತಕ್ಕ ನೀರು ತಾವೇ ಹಾಕಿಕೊಳ್ಳುವ ಸ್ವಾತಂತ್ರ್ಯವನ್ನು. ಒಂದೇ ಹದದಲ್ಲಿ ಮಾತ್ರ ಚೆನ್ನಾಗಿರುವ ವಿಸ್ಕಿ ಆ ಕೆಲಸಕ್ಕೆ ಬರುವುದಿಲ್ಲ.

ಎರಡು ವಿಸ್ಕಿ ಹೋಲಿಸುವಾಗ ಎರಡನ್ನೂ ಮೊದಲು ಒಂದೇ ಶೇಕಡಾಕ್ಕೆ ತರಬೇಕು. ಶೇ. 61.8ರ ಅಮೃತ್ ಕ್ಯಾಸ್ಕ್ ಸ್ಟ್ರೆಂತ್ ಪಕ್ಕದಲ್ಲಿ ಶೇ. 58ರ ಐರಿಷ್ ನೀಟಾಗಿ ಇಟ್ಟರೆ ನಮ್ಮ ಬೆಂಗಳೂರಿನದು ಗಟ್ಟಿ ಅನ್ನಿಸುವುದು ಸಹಜ. ಶೇ. 46ರಲ್ಲಿ ಎರಡನ್ನೂ ಇಟ್ಟಾಗ ವ್ಯತ್ಯಾಸದ ಬಗೆಯೇ ಬೇರೆ. ಐರ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು, ಇಲ್ಲಿ ಮರದ ಸಾರ ಬೇಗ ಇಳಿಯುತ್ತದೆ, ಅಲ್ಲಿ ಧಾನ್ಯಕ್ಕೂ ಹಣ್ಣಿಗೂ ನಿಧಾನವಾಗಿ ಬೆರೆಯಲು ಹೊತ್ತು ಸಿಗುತ್ತದೆ. ವಯಸ್ಸಿನ ಅಂಕಿ ನೋಡಿ ಇವೆರಡನ್ನು ತೂಗುವುದು ತಪ್ಪು.

ಮೊದಲ ದಿನದ ಅಂಕವನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಹೊಸದಾಗಿ ತೆರೆದ ಬಾಟಲಿಯ ಕತ್ತಿನಿಂದ ಸುರಿದ ಮೊದಲ ಪೆಗ್‌ನಲ್ಲಿ ಪರಿಮಳ ಬಿಗಿಯಾಗಿರುತ್ತದೆ, ಎರಡು ಮೂರು ವಾರದ ಮೇಲೆ ಶೆರಿಯ ಪರಿಮಳ ಸಡಿಲಗೊಳ್ಳುತ್ತದೆ. ಆಗ ಇನ್ನೊಬ್ಬರ ಕೈಯಲ್ಲಿ ಸುರಿಸಿ, ಯಾವ ಗ್ಲಾಸಿನಲ್ಲಿ ಯಾವುದು ಎಂದು ತಿಳಿಯದೆ ಮತ್ತೆ ನೋಡಿ ಅಂಕ ಗಟ್ಟಿ ಮಾಡುತ್ತೇನೆ. ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ಈ ಹದದ ಆಲ್ಕೋಹಾಲ್ ಕಾರ್ಕನ್ನು ತಿಂದುಹಾಕುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದ ಮೇಲೆ ಚಿಕ್ಕ ಗಾಜಿನ ಬಾಟಲಿಗೆ ಅಂಚಿನವರೆಗೆ ತುಂಬಿ, ಬ್ಯಾಚ್ ಸಂಖ್ಯೆ ಬರೆದು ಬೆಳಕು ಬೀಳದ ಕಡೆ ಇಡಿ.