ಪುಟ್ಟ ಮಕ್ಕಳಿಗೆ ಚೆನ್ನೆಮಣೆ ಆಡಿಸುವುದು ಹೇಗೆ

ನೂರರ ತನಕ ಗಡಗಡ ಹೇಳುವ ನಾಲ್ಕು ವರ್ಷದ ಮಗುವಿಗೆ "ಐದು ಕಾಯಿ ಕೊಡು" ಎಂದು ನೋಡಿ. ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತದೆ. ಬಾಯಿಪಾಠದ ಲೆಕ್ಕ ಬೆರಳಿಗೆ ಇಳಿಯಲು ಚೆನ್ನೆಮಣೆ, ಅಂದರೆ ಗುಳಿಗಳಿರುವ ಮಣೆಯಲ್ಲಿ ಕಾಯಿ ಹಂಚುತ್ತಾ ಹೋಗುವ ಆಟ, ಒಳ್ಳೆಯದು. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಗೆ ಅಂಗಳಕ್ಕಿಳಿಯಲಾಗದ ದಿನಗಳಂತೂ ಅದಕ್ಕೆಂದೇ ಇರುವುದು. ಆದರೆ 14 ಗುಳಿ, ಗುಳಿಗೆ 4ರಂತೆ 56 ಕಾಯಿ ಈ ವಯಸ್ಸಿಗೆ ಹೊರೆ.

ಮಣೆಯ ಬದಲು ಆರು ಗೆರಟೆ (ತೆಂಗಿನ ಕರಟ) ಸಾಕು. ಕಣ್ಣಿಲ್ಲದ ಕಡಿಗಳನ್ನೇ ಆರಿಸಿ, ಅಂಚನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕಿ. ಹಳೆ ಬೈರಾಸಿನ (ಟವೆಲಿನ) ಸಿಂಬೆ ಸುತ್ತಿ ಅದರ ಮೇಲೆ ಕೂರಿಸಿದರೆ ಅಲ್ಲಾಡುವುದಿಲ್ಲ. ಮೂರರಂತೆ ಎರಡು ಸಾಲು. ಮೊಟ್ಟೆಯ ಟ್ರೇಯಲ್ಲೂ ಆಡಬಹುದು, ಆದರೆ ಅದರಲ್ಲಿ ಕಾಯಿ ಬಿದ್ದ ಸದ್ದಿಲ್ಲ. ಆ "ಟಕ್" ಬೇಕು; ಯಾಕೆಂದು ಮುಂದೆ ಹೇಳುತ್ತೇವೆ.

ಕಾಯಿಗೆ ಮಂಜೊಟ್ಟಿ ಬೀಜ, 12. ಇದು ಪೂರ್ತಿ ಕೆಂಪು. ಕಪ್ಪು ಚುಕ್ಕೆಯ ಗುಲಗಂಜಿಯನ್ನು ಬದಲಿಗೆ ತರಲೇಬೇಡಿ, ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ತುಂಬದ ಮಕ್ಕಳಿಗೆ ಮಂಜೊಟ್ಟಿಯೂ ಬೇಡ: ಬಾಯಿಗೋ ಮೂಗಿಗೋ ಹೋಗುತ್ತದೆ. ದೊಡ್ಡ ಮಕ್ಕಳ ಜೊತೆಗೂ ನೀವು ಕೂತಿರಬೇಕು. ಆಟಕ್ಕೆ ಮೊದಲೂ ಆಮೇಲೂ 12 ಎಣಿಸಿಕೊಳ್ಳಿ.

ಮೊದಲ ಕೆಲವು ದಿನ ನಿಯಮ ಬೇಡ. ಗೆರಟೆಗೆ ಒಂದೊಂದು ಹಾಕಲಿ, ಆಮೇಲೆ ಎರಡೆರಡು. ಅದು ಸಲೀಸಾದ ಮೇಲೆ ಒಂದು ಗೆರಟೆಯ ಕಾಯಿಯನ್ನೆಲ್ಲ ತೆಗೆದು, ಮುಂದಿನದರಿಂದ ಒಂದೊಂದೇ ಬಿಡುತ್ತಾ ಹೋಗುವುದು. ಎಡವುವುದು ಸಾಮಾನ್ಯವಾಗಿ ಮೂರು ಕಡೆ. ತೆಗೆದ ಗೆರಟೆಗೇ ಮತ್ತೆ ಹಾಕುತ್ತವೆ. ಅದನ್ನು ಅಂಗೈಯಿಂದ ಮುಚ್ಚಿ ಹಿಡಿಯಲು ಹೇಳಿ. ಸಾಲಿನ ತುದಿಯಲ್ಲಿ ತಿರುಗದೆ ಬಂದ ದಾರಿಯಲ್ಲೇ ವಾಪಸು ಹೊರಡುತ್ತವೆ. ನೆಲದ ಮೇಲೆ ಸೀಮೆಸುಣ್ಣದ ಬಾಣ ಹಾಕಿ. ಮೂರನೆಯದೇ ಹಟಮಾರಿ ತಪ್ಪು: ಕೈ ಎರಡನೇ ಕಾಯಿಯಲ್ಲಿರುವಾಗ ನಾಲಿಗೆ ನಾಲ್ಕಕ್ಕೆ ಹೋಗಿರುತ್ತದೆ. ಆಗ ಟಕ್ ಎಂದ ಮೇಲಷ್ಟೇ ಸಂಖ್ಯೆ ಹೇಳುವುದು ಎಂದು ಮಾಡಿ. ಸದ್ದಿಗೆ ಕಾಯುತ್ತಾ ಬಾಯಿ ತಾನಾಗಿ ನಿಧಾನವಾಗುತ್ತದೆ.

ಎಣಿಸಿ ಮುಗಿದ ಕೂಡಲೇ "ಎಷ್ಟುಂಟು?" ಎಂದು ಕೇಳಿ. ಮಗು ಪುನಃ ಒಂದರಿಂದ ಶುರುಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ ಎಂಬುದು ಇನ್ನೂ ಹೊಳೆದಿಲ್ಲ ಎಂದರ್ಥ. ತಿದ್ದಬೇಡಿ. ನಿಮ್ಮ ಸರದಿ ಬಂದಾಗ ನೀವು "ಒಂದು, ಎರಡು, ಮೂರು... ಮೂರುಂಟು" ಎನ್ನಿ, ಅಷ್ಟೇ. ಮನೆಯಲ್ಲಿ ತುಳುವಾದರೆ "ಒಂಜಿ, ರಡ್ಡ್, ಮೂಜಿ" ಎಂದೇ ಎಣಿಸಲಿ. ನಡುವೆ ಕನ್ನಡ ಬೆರೆತರೂ ಅಡ್ಡಿಯಿಲ್ಲ, ಒಂದು ಕಾಯಿಗೆ ಒಂದೇ ಮಾತು ಬಿದ್ದರಾಯಿತು.

ಹತ್ತು ನಿಮಿಷ ಸಾಕು. ಮಗು ಕಾಯಿ ಬಿಟ್ಟು ಗೆರಟೆ ಕವುಚಿ ಬಡಿಯತೊಡಗಿದರೆ ಅದು ಬೇರೆ ಆಟ, ಆಡಲಿ ಬಿಡಿ.

ಮೂರು ಕಾಯಿಯನ್ನು ಎಣಿಸದೆ ಕಂಡ ಕೂಡಲೇ "ಮೂರು" ಎಂದರೆ ಗೆರಟೆಗೆ ಮೂರರಂತೆ 18ಕ್ಕೆ ಏರಿಸಿ. ಆಮೇಲೆ ಅಟ್ಟದಿಂದ ಮಣೆ ಇಳಿಸಬಹುದು, ಮೊದಲಿಗೆ ಗುಳಿಗೆ ಎರಡೇ ಕಾಯಿ ಹಾಕಿ. ಕಾಯಿ ಗೆದ್ದುಕೊಳ್ಳುವ ನಿಯಮ ಕೊನೆಗಿರಲಿ. ಅದನ್ನು ಬೇಗ ತಂದರೆ ಮಕ್ಕಳು ಎಣಿಸುವುದು ಬಿಟ್ಟು ಮುಷ್ಟಿಯಲ್ಲಿ ಕಾಯಿ ಬಚ್ಚಿಡತೊಡಗುತ್ತಾರೆ.